ಕೆಂಚಿಗೆ ಮನೆ ಬೇಕು, ಆದರೆ ಕೇಳಿದವರಿಗೆಲ್ಲ ಕೊಡಲ್ಲ

ಕಾಫಿಪುಡಿ, ರಾಜಾಜಿನಗರ

ನಮ್ಮ ಮನೆಯಲ್ಲಿ ಈಗ ಒಂದು ಮುಧೋಳ ನಾಯಿ ಇದೆ. ಹೆಣ್ಣು. ಹಲ್ಲು ನೋಡಿದ ಡಾಕ್ಟರ್ ವಯಸ್ಸು ನಾಲ್ಕೋ ಐದೋ ಇರಬಹುದು ಎಂದರು. ನೆಲಮಂಗಲ ದಾಟಿದ ಮೇಲೆ ಹೈವೇ ಪಕ್ಕ ಯಾರೋ ಬಿಟ್ಟು ಹೋಗಿದ್ದರಂತೆ. ರೆಸ್ಕ್ಯೂ ಮಾಡುವ ಹುಡುಗರು ಎತ್ತಿಕೊಂಡು ಬಂದರು, ಅವರ ಶೆಲ್ಟರ್‌ನಲ್ಲಿ ಜಾಗ ಇರಲಿಲ್ಲ. ಖಾಯಂ ಮನೆ ಸಿಗುವವರೆಗೆ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರು, ಒಪ್ಪಿಕೊಂಡೆ. ಮೈಬಣ್ಣ ನೋಡಿ ಕೆಂಚಿ ಎಂದು ಕರೆಯುತ್ತಿದ್ದೇವೆ.

ಮೊಲೆಗಳು ಜೋತುಬಿದ್ದಿವೆ. ಮರಿ ಹಾಕಿಸಿ ಹಾಕಿಸಿ, ಇನ್ನು ದುಡ್ಡು ಹುಟ್ಟಲ್ಲ ಎಂದಾಗ ಬಿಟ್ಟಿದ್ದಾರೆ, ಅಷ್ಟೇ. ಉಣ್ಣಿ ಜ್ವರ ಇತ್ತು, ಎರ್ಲಿಕಿಯಾ. ಡಾಕ್ಸಿಸೈಕ್ಲಿನ್ ನಾಲ್ಕು ವಾರದ ಕೋರ್ಸ್ ಮುಗಿದಿದೆ, ಪ್ಲೇಟ್‌ಲೆಟ್ ಸರಿಯಾಗಿದೆ. ಮನೆಯೊಳಗೆ ಗಲೀಜು ಮಾಡಲ್ಲ, ಬೊಗಳುವುದು ಕಡಿಮೆ. ಗಂಡಸರು ಸೊಂಟಕ್ಕೆ ಕೈ ಹಾಕಿದರೆ ಮಾತ್ರ ಮಂಚದ ಕೆಳಗೆ ಹೋಗುತ್ತಾಳೆ. ಬೆಲ್ಟ್ ಬಿಚ್ಚುತ್ತಾರೆ ಎಂದುಕೊಳ್ಳುತ್ತಾಳೋ ಏನೋ.

ಈಗ ನನ್ನ ಗೋಳು. ಫೋಟೋ ಹಾಕಿದ ಕೂಡಲೇ ಫೋನ್ ಶುರು. ಒಬ್ಬರು, "ಇನ್ನೂ ಮರಿ ಹಾಕುತ್ತಾ?" ಇನ್ನೊಬ್ಬರು, "ತಳಿಯ ಪೇಪರ್ ಇದೆಯಾ?" ಮತ್ತೊಬ್ಬರಿಗೆ ಫಾರ್ಮ್‌ಹೌಸ್ ಇದೆ, ವಾರಕ್ಕೊಮ್ಮೆ ಹೋಗುತ್ತಾರೆ, ಉಳಿದ ದಿನ ನಾಯಿ ತೋಟ ಕಾಯಬೇಕು. ಒಬ್ಬ ಮಹಾಶಯ ಮೊಲ ಹಿಡಿಯುತ್ತಾ ಎಂದು ನೇರವಾಗಿಯೇ ಕೇಳಿದ. ಎಲ್ಲರಿಗೂ ಇಲ್ಲ ಎಂದೆ. ರೆಸ್ಕ್ಯೂ ಹುಡುಗರು ಬೇಜಾರು ಮಾಡಿಕೊಂಡಿದ್ದಾರೆ. "ಮೇಡಂ, ದೊಡ್ಡ ಹೆಣ್ಣು ನಾಯಿಗೆ ಕೇಳುವವರೇ ಅಪರೂಪ, ನೀವು ಹೀಗೆ ಓಡಿಸಿದರೆ ಹೇಗೆ?" ಎನ್ನುತ್ತಾರೆ.

ಇಲ್ಲಿ ಫಾಸ್ಟರ್ ಮಾಡಿದವರು, ಅಂದರೆ ಹೀಗೆ ತಾತ್ಕಾಲಿಕವಾಗಿ ಇಟ್ಟುಕೊಂಡವರು ಯಾರಾದರೂ ಇದ್ದೀರಾ? ನೀವು ಏನು ಕೇಳುತ್ತೀರಿ? ಯಾರಿಗೆ ಇಲ್ಲ ಎನ್ನುತ್ತೀರಿ?

ತುಂಗಾತೀರ, ಶಿವಮೊಗ್ಗ

ಇಲ್ಲ ಎನ್ನುವುದೇ ಫಾಸ್ಟರ್ ಮಾಡುವವರ ಮುಖ್ಯ ಕೆಲಸ. ಊಟ ಹಾಕುವುದು, ವಾಕಿಂಗ್ ಮಾಡಿಸುವುದು ಯಾರು ಬೇಕಾದರೂ ಮಾಡಬಹುದು.

"ನಿಮಗೆ ನಾಯಿ ಅಂದ್ರೆ ಇಷ್ಟಾನಾ" ಎಂದು ಕೇಳಬೇಡಿ. ಎಲ್ಲರೂ ಹೌದು ಎನ್ನುತ್ತಾರೆ. ನಾನು ಮೊದಲು ಕೇಳುವುದು, ನಿಮ್ಮ ಹಿಂದಿನ ನಾಯಿ ಏನಾಯಿತು? ಹದಿಮೂರು ವರ್ಷ ಬದುಕಿ ಸತ್ತಿತು ಎಂದರೆ ಸರಿ. "ಯಾರಿಗೋ ಕೊಟ್ವಿ", "ಓಡಿಹೋಯ್ತು", "ಊರಲ್ಲಿ ಬಿಟ್ಟು ಬಂದ್ವಿ" ಎಂದರೆ ಮುಂದಿನ ಪ್ರಶ್ನೆ ಬೇಕಾಗಲ್ಲ. ಆಮೇಲೆ, ರಾತ್ರಿ ಎಲ್ಲಿ ಮಲಗುತ್ತೆ? ಗೇಟಿನ ಹತ್ತಿರ ಎಂದರೆ ಕಾವಲುಗಾರ ಬೇಕಾಗಿದ್ದಾನೆ, ನಾಯಿ ಅಲ್ಲ. ಬಾಡಿಗೆ ಮನೆಯಾದರೆ ಒಪ್ಪಂದದ ಆ ಪುಟದ ಫೋಟೋ ಕೇಳಿ. ಮನೆ ಓನರ್ ಬಾಯಲ್ಲಿ ಹೂಂ ಅಂದಿದ್ದು ಲೆಕ್ಕಕ್ಕಿಲ್ಲ.

ಇನ್ನೊಂದು. ಫೋನ್ ಮಾಡಿದವರ ಜೊತೆ ಮಾತ್ರ ಮಾತಾಡಿ ಮುಗಿಸಬೇಡಿ. ಮನೆಯಲ್ಲಿ ದಿನವಿಡೀ ಇರುವವರು ಯಾರೋ ಅವರ ಜೊತೆ ಮಾತಾಡಿ. ನಾಯಿ ಕೇಳುವುದು ಇಪ್ಪತ್ತೈದರ ಹುಡುಗ. ಅದರ ಉಚ್ಚೆ ಒರೆಸುವುದು ಅವನ ಅಮ್ಮ.

ಘಟಪ್ರಭಾ ದಂಡೆ, ಬಾಗಲಕೋಟೆ ಜಿಲ್ಲೆ

ನಾನು ಮುಧೋಳ ತಾಲೂಕಿನವನು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ನಮ್ಮ ಕಡೆ ಇದಕ್ಕೆ ಸುಮ್ನೆ ಬೇಟೆ ನಾಯಿ ಎನ್ನುತ್ತಾರೆ. ಈ ತಳಿಗೆ ಹೆಸರು ತಂದವರು ಮುಧೋಳ ಸಂಸ್ಥಾನದ ಘೋರ್ಪಡೆ ರಾಜರು. ಒಂದು ಜೋಡಿ ನಾಯಿಯನ್ನು ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಕೊಟ್ಟಿದ್ದರು ಎನ್ನುವ ಮಾತು ನಮ್ಮಲ್ಲಿ ಮಕ್ಕಳಿಗೂ ಗೊತ್ತು. 2005ರಲ್ಲಿ ಅಂಚೆ ಚೀಟಿ ಬಂತು. 2016ರಲ್ಲಿ ಸೇನೆಯವರು ತರಬೇತಿಗೆ ಮರಿಗಳನ್ನು ಮೀರತ್‌ಗೆ ಒಯ್ದರು. 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದರು. ಹೆಸರು ಬಂದ ಹಾಗೆ ಬೆಂಗಳೂರಿನಿಂದ, ಪುಣೆಯಿಂದ ಕಾರು ಬರತೊಡಗಿದವು. ಮರಿ ಒಯ್ಯುವವರಿಗೆ ಅದು ಬೆಳೆದು ಹೇಗಿರುತ್ತದೆ ಎನ್ನುವುದು ಗೊತ್ತಿರುವುದಿಲ್ಲ.

ಕೇಳಿ. ಇದು ಮೂಗಿನಿಂದ ಹುಡುಕುವ ನಾಯಿ ಅಲ್ಲ, ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಓಡಿದರೆ ಸಾಕು, ಬೆನ್ನು ಹತ್ತಿ ಹೋಗುತ್ತದೆ, ಆಗ ನೀವು ಕರೆದದ್ದು ಕಿವಿಗೆ ಬೀಳುವುದಿಲ್ಲ. ಬೆಂಗಳೂರಿನ ರಸ್ತೆಯಲ್ಲಿ ಹಗ್ಗ ಬಿಚ್ಚಿದರೆ ಮುಗಿಯಿತು. ಪಕ್ಕೆಲುಬು ಕಂಡರೆ ಗಾಬರಿ ಬೇಡ, ಆರೋಗ್ಯವಾಗಿರುವ ಮುಧೋಳಕ್ಕೂ ಪಕ್ಕೆ ಕಾಣುತ್ತದೆ. ಚರ್ಮ ತೆಳು, ಕೂದಲು ಗಿಡ್ಡ, ಚಳಿ ತಡೆಯುವುದಿಲ್ಲ. ನಮ್ಮಲ್ಲಿ ಜೋಳದ ರೊಟ್ಟಿ, ಮೆಕ್ಕೆಜೋಳದ ನುಚ್ಚು, ಹಾಲು ಹಾಕುತ್ತೇವೆ.

ನನ್ನ ಅಭಿಪ್ರಾಯ ಬೇರೆ. ಇದಕ್ಕೆ ಹೊಲ ಬೇಕು. ಮೂರನೇ ಮಹಡಿಯ ಫ್ಲಾಟಿನಲ್ಲಿ ಸೋಫಾ ಮೇಲೆ ಕೂರಿಸಿದರೆ ಅದು ಮುಧೋಳ ನಾಯಿ ಅಲ್ಲ. ಫಾರ್ಮ್‌ಹೌಸಿನವರನ್ನೆಲ್ಲ ಓಡಿಸಬೇಡಿ ನೋಡ್ರಿ.

ಕಾಫಿಪುಡಿ, ರಾಜಾಜಿನಗರ

ಪಕ್ಕೆಲುಬಿನ ವಿಷಯ ಹೇಳಿದ್ದಕ್ಕೆ ಥ್ಯಾಂಕ್ಸ್. ವಾಕಿಂಗ್ ಹೋದರೆ ಬೀದಿಯಲ್ಲಿ ದಿನಕ್ಕೊಬ್ಬರು ನಿಲ್ಲಿಸಿ "ಊಟ ಹಾಕಲ್ವೇನ್ರೀ" ಎನ್ನುತ್ತಾರೆ. ಇನ್ಮೇಲೆ ನಿಮ್ಮ ಮಾತು ಓದಿ ಹೇಳುತ್ತೇನೆ.

ಹೊಲದ ಬಗ್ಗೆ ಮಾತ್ರ ಒಪ್ಪಲಾರೆ. ಹೊಲ ಇದ್ದವರೆಲ್ಲ ಹೊಲದಲ್ಲಿ ಓಡಿಸುವುದಿಲ್ಲ. ನನಗೆ ಫೋನ್ ಮಾಡಿದ ಫಾರ್ಮ್‌ಹೌಸಿನವರು ವಿಡಿಯೋ ಕಳಿಸಿದ್ದರು. ಎರಡು ಎಕರೆ ತೋಟ, ಅದರ ಮೂಲೆಯಲ್ಲಿ ಒಂದು ಗೂಟ, ಗೂಟಕ್ಕೆ ಸರಪಳಿ. ನಾಯಿಗೆ ಸಿಗುವುದು ಸರಪಳಿಯ ಉದ್ದ ಅಷ್ಟೇ. ನಮ್ಮನೆಯಲ್ಲಿ ಇವಳು ಬೆಳಗ್ಗೆ ಒಂದು ಗಂಟೆ ಚುರುಕಾಗಿ ನಡೆಯುತ್ತಾಳೆ, ಆಮೇಲೆ ದಿನವೆಲ್ಲ ನಿದ್ದೆ. ಇಷ್ಟು ಸೋಮಾರಿ ಬೇಟೆ ನಾಯಿಯನ್ನು ನಾನು ನೋಡಿಯೇ ಇಲ್ಲ.

ಇನ್ನು ಮೊಲ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಆ ಮಹಾಶಯನಿಗೂ ಅದನ್ನೇ ಹೇಳಿದೆ.

ಘಟಪ್ರಭಾ ದಂಡೆ, ಬಾಗಲಕೋಟೆ ಜಿಲ್ಲೆ

ಗೂಟಕ್ಕೆ ಕಟ್ಟುವವರಿಗೆ ನಾನೂ ಕೊಡುವುದಿಲ್ಲ ಬಿಡಿ. ಆದರೆ ದಿನಕ್ಕೊಮ್ಮೆಯಾದರೂ ಬೇಲಿ ಇರುವ ಜಾಗದಲ್ಲಿ ಬಿಟ್ಟು ಓಡಿಸಬೇಕು. ಅದೊಂದನ್ನು ಷರತ್ತು ಮಾಡಿ.

ಗೋಪಾಲಸ್ವಾಮಿ ಡಾಕ್ಟ್ರು ಅಲ್ಲ, ಹಾಸನ

(ಹೆಸರು ತಮಾಷೆಗೆ ಇಟ್ಟುಕೊಂಡದ್ದು. ನಾನು ಪಶುವೈದ್ಯೆ.)

ಮರಿ ಆಗದ ಹಾಗೆ ಆಪರೇಷನ್ ಆಗಿದೆಯಾ? ಯಾರೂ ಕೇಳಲಿಲ್ಲ, ಅದಕ್ಕೆ ಕೇಳುತ್ತಿದ್ದೇನೆ. ಆಗದೇ ಇದ್ದರೆ ಯಾರಿಗೂ ಕೊಡಬೇಡಿ. "ತಗೊಂಡು ಹೋಗಿ ಮಾಡಿಸ್ತೀವಿ" ಎನ್ನುವವರನ್ನು ನಂಬಬೇಡಿ. ತಳಿ ನಾಯಿ, ಅದೂ ಹೆಣ್ಣು, ಗರ್ಭಕೋಶ ಇರುವವರೆಗೆ ಅದರ ಮೇಲೆ ಕಣ್ಣು ಇದ್ದೇ ಇರುತ್ತದೆ. ಅದನ್ನು ತೆಗೆದ ಮೇಲೆ ಮರಿ ವ್ಯಾಪಾರದವರ ಫೋನ್ ತಾನಾಗಿಯೇ ನಿಲ್ಲುತ್ತದೆ.

ಆರೋಗ್ಯಕ್ಕೂ ಬೇಕು. ಆಪರೇಷನ್ ಆಗದ ಹೆಣ್ಣು ನಾಯಿಗಳಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರಬಹುದು, ಪಯೋಮೆಟ್ರಾ. ಸಾಮಾನ್ಯವಾಗಿ ಹೀಟ್ (ಬೆದೆ) ಮುಗಿದ ಕೆಲವು ವಾರಕ್ಕೆ. ನಾಯಿ ಜಾಸ್ತಿ ನೀರು ಕುಡಿಯುತ್ತದೆ, ಊಟ ಬಿಡುತ್ತದೆ, ಮಂಕಾಗುತ್ತದೆ. ತಡವಾದರೆ ಪ್ರಾಣಕ್ಕೇ ಕುತ್ತು.

ಎರಡು ವಿಷಯ ನೆನಪಿಡಿ. ಹೀಟ್‌ನಲ್ಲಿದ್ದರೆ ಅಥವಾ ಎದೆಯಲ್ಲಿ ಹಾಲಿದ್ದರೆ ಕಾಯಿರಿ. ಹೀಟ್ ಆಗಿ ಎರಡು ಮೂರು ತಿಂಗಳ ನಂತರ ಮಾಡಿಸುವುದು ಒಳ್ಳೆಯದು. ಮತ್ತೆ, ಇದು ಸೈಟ್‌ಹೌಂಡ್ (ಕಣ್ಣಿನಿಂದ ಬೇಟೆಯಾಡುವ ಜಾತಿ) ಎಂದು ಆಪರೇಷನ್ ಮಾಡುವವರಿಗೆ ಮೊದಲೇ ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆ. ಥಯೋಪೆಂಟಾಲ್ ಥರದ ಹಳೆಯ ಅರಿವಳಿಕೆ ಕೊಟ್ಟರೆ ಎಚ್ಚರವಾಗಲು ತುಂಬಾ ಹೊತ್ತು ಹಿಡಿಯುತ್ತದೆ. ಬೇರೆ ಔಷಧಿ ಇವೆ. ಆಪರೇಷನ್ ಆದ ಮೇಲೆ ಮೈ ಬೇಗ ತಣ್ಣಗಾಗುತ್ತದೆ, ಕಂಬಳಿ ಹೊದಿಸಿ.

ಕಾಲರ್ ಕೂಡ ಬದಲಾಯಿಸಿ. ಈ ನಾಯಿಗಳ ತಲೆ ಕುತ್ತಿಗೆಗಿಂತ ಸಣ್ಣ. ಹೆದರಿ ಹಿಂದಕ್ಕೆ ಎಳೆದರೆ ಮಾಮೂಲಿ ಬೆಲ್ಟ್ ಕಳಚಿ ಕೈಗೆ ಬರುತ್ತದೆ, ನಾಯಿ ರಸ್ತೆಗೆ. ಮಾರ್ಟಿಂಗೇಲ್ ಕಾಲರ್ ಎಂದು ಕೇಳಿ. ಎಳೆದಾಗ ಬಿಗಿಯಾಗುತ್ತದೆ, ಆದರೆ ಉಸಿರು ಕಟ್ಟುವುದಿಲ್ಲ.

ಬಿಎಂಟಿಸಿ ಪಾಸ್, ಬೆಂಗಳೂರು

ನನ್ನ ಮಾತು ಯಾರಿಗೂ ಹಿಡಿಸಲ್ಲ, ಗೊತ್ತು. ನಮ್ಮ ಲೇಔಟ್‌ನಲ್ಲಿ ಶಾಲೆಗೆ ಹೋಗುವ ಮಕ್ಕಳು ಕೈಯಲ್ಲಿ ಕೋಲು ಹಿಡಿದುಕೊಂಡು ಹೋಗುತ್ತಾರೆ. ನನ್ನ ತಂಗಿ ಮಗನಿಗೆ ಬೀದಿ ನಾಯಿ ಕಚ್ಚಿ ಇಂಜೆಕ್ಷನ್ ಹಾಕಿಸಿದ್ದೇವೆ. ನೀವು ಇಲ್ಲಿ ಒಂದು ನಾಯಿಗೆ ಮನೆ ಹುಡುಕುವುದಕ್ಕೆ ಇಷ್ಟು ಪ್ರಶ್ನೆ ಮಾಡುತ್ತೀರಿ. ಬೀದಿಯಲ್ಲಿ ಇರುವ ಸಾವಿರಾರು ನಾಯಿಗಳ ಕಥೆ?

ಕಾಫಿಪುಡಿ, ರಾಜಾಜಿನಗರ

ನೀವು ಹೇಳಿದ್ದು ತಪ್ಪಲ್ಲ. ಮಗು ಈಗ ಚೆನ್ನಾಗಿದೆಯಾ?

ಆದರೆ ಒಂದು ಮಾತು. ಕೆಂಚಿ ಆಪರೇಷನ್ ಆಗದೆ ರಸ್ತೆಯಲ್ಲೇ ಉಳಿದಿದ್ದರೆ ಅವಳ ಮರಿಗಳೂ ಅಲ್ಲೇ ಹುಟ್ಟುತ್ತಿದ್ದವು. ನೀವು ಹೇಳುವ ಸಾವಿರದಲ್ಲಿ ಒಂದಷ್ಟು ಹೀಗೆ ಮನೆಯಿಂದಲೇ ಬಂದವು. ಬೀದಿಯಲ್ಲೇ ಹುಟ್ಟಿದ ನಾಯಿಗೆ 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮ ಇದೆ. ಆಪರೇಷನ್, ರೇಬಿಸ್ ಲಸಿಕೆ, ಆಮೇಲೆ ಸಾಮಾನ್ಯವಾಗಿ ಹಿಡಿದ ಜಾಗದಲ್ಲೇ ಬಿಡಬೇಕು. ಕಿವಿ ತುದಿ ಕತ್ತರಿಸಿದ್ದರೆ ಅದಕ್ಕೆ ಆಪರೇಷನ್ ಆಗಿದೆ ಎಂದರ್ಥ. ಮನೆಯಲ್ಲಿ ಬೆಳೆದು ಬೀದಿಗೆ ಬಿದ್ದ ನಾಯಿಗೆ ಆ ದಾರಿ ಸರಿಹೋಗಲ್ಲ. ಅದಕ್ಕೆ ಬೀದಿ ಗೊತ್ತೇ ಇಲ್ಲ. ಮನೆಯೇ ಬೇಕು.

ಗೋಪಾಲಸ್ವಾಮಿ ಡಾಕ್ಟ್ರು ಅಲ್ಲ, ಹಾಸನ

ಕಚ್ಚಿದ ವಿಷಯ ಬಂದಿದ್ದರಿಂದ ಹೇಳಿಬಿಡುತ್ತೇನೆ. ಫಾಸ್ಟರ್ ಮನೆಯಲ್ಲೂ ಹೆದರಿದ ನಾಯಿ ಹಲ್ಲು ತಾಗಿಸಬಹುದು. ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ. ನಾಯಿಯನ್ನು 10 ದಿನ ನೋಡಿಕೊಳ್ಳಿ, ಆದರೆ ಅದು ಚೆನ್ನಾಗಿದೆಯಲ್ಲ ಎಂದು ಇಂಜೆಕ್ಷನ್ ಶುರು ಮಾಡುವುದನ್ನು ಮುಂದಕ್ಕೆ ಹಾಕಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವುದು ಅಸಾಧ್ಯ ಎನ್ನುವಷ್ಟು ಕಷ್ಟ.

ಬಿಎಂಟಿಸಿ ಪಾಸ್, ಬೆಂಗಳೂರು

ಮಗು ಚೆನ್ನಾಗಿದ್ದಾನೆ. ಹಾಗಾದರೆ ಬಿಟ್ಟು ಹೋದವರಿಗೆ ಶಿಕ್ಷೆ ಇಲ್ಲವಾ?

ಕೋರ್ಟ್ ಹಾಲ್ ಕ್ಯಾಂಟೀನ್, ಬೆಂಗಳೂರು

ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಬಿಟ್ಟುಬಿಡುವುದು ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. ಅರವತ್ತು ವರ್ಷದ ಹಿಂದೆ ಅದು ದುಡ್ಡಾಗಿತ್ತು, ಈಗ ನಮ್ಮ ಕ್ಯಾಂಟೀನಿನಲ್ಲಿ ದೋಸೆ ಬರಲ್ಲ.

2017ರಲ್ಲಿ ನಾಯಿ ತಳಿ ವ್ಯಾಪಾರಕ್ಕೂ ನಿಯಮ ಬಂತು. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಯಾರಾದರೂ ಮರಿ ಕೊಳ್ಳುವಾಗ ನೋಂದಣಿ ಪತ್ರ ತೋರಿಸಿ ಎಂದು ಕೇಳಿ ನೋಡಿ, ಮುಖ ಹೇಗಾಗುತ್ತದೆ ಅಂತ.

ಕುಡ್ಲದ ಮಳೆ, ಮಂಗಳೂರು

ನಾನು ಒಂದು ಪ್ರಶ್ನೆ ಕೇಳಲೇಬೇಕು. ನೀವೇ ಯಾಕೆ ಇಟ್ಟುಕೊಳ್ಳಬಾರದು? ನಿಮಗೆ ಅವಳ ಭಯ ಗೊತ್ತು, ನಿದ್ದೆ ಗೊತ್ತು. ಒಂದು ಸಲ ಬಿಟ್ಟುಹೋದ ನಾಯಿ, ಈಗ ನಿಮ್ಮನ್ನು ನಂಬಿದೆ. ಮತ್ತೆ ಬೇರೆ ಮನೆಗೆ ಕಳಿಸಿದರೆ ಅದಕ್ಕೆ ಎರಡನೇ ಸಲ ಬಿಟ್ಟಹಾಗೆ ಅಲ್ವಾ? ನಾನು ಫಾಸ್ಟರ್ ಮಾಡಿದ ಮೊದಲ ನಾಯಿಯೇ ನಮ್ಮ ಮನೆಯಲ್ಲಿ ಉಳಿದುಬಿಟ್ಟಿತು. ಇದಕ್ಕೆ ಫಾಸ್ಟರ್ ಫೇಲ್ ಎನ್ನುತ್ತಾರೆ, ನನಗೆ ಆ ಫೇಲ್ ಬಗ್ಗೆ ಒಂಚೂರೂ ಬೇಜಾರಿಲ್ಲ.

ಕಾಫಿಪುಡಿ, ರಾಜಾಜಿನಗರ

ಎಲ್ಲರೂ ಇದನ್ನೇ ಕೇಳುತ್ತಾರೆ. ಮನೆಯವರೂ.

ನಮ್ಮ ಅಪ್ಪನಿಗೆ ನಡೆಯುವಾಗ ಬ್ಯಾಲೆನ್ಸ್ ಇಲ್ಲ. ನಾಯಿ ಕಾಲಿಗೆ ಸಿಕ್ಕಿದರೆ ಬೀಳುತ್ತಾರೆ. ಈಗ ಅವರು ಅಣ್ಣನ ಮನೆಯಲ್ಲಿದ್ದಾರೆ, ಇಲ್ಲಿಗೆ ಬರುವ ಹೊತ್ತಿಗೆ ಮನೆ ಖಾಲಿ ಇರಬೇಕು. ಇದು ಒಂದು ಕಾರಣ. ಇನ್ನೊಂದು, ನಾನು ಇವಳನ್ನು ಇಟ್ಟುಕೊಂಡರೆ ನಮ್ಮ ಮನೆಯ ಬಾಗಿಲು ಮುಂದಿನ ನಾಯಿಗೆ ಮುಚ್ಚಿತು. ಶೆಲ್ಟರ್‌ನಲ್ಲಿ ಜಾಗ ಇಲ್ಲದ ಕಡೆ ಇಂಥ ಮನೆಗಳು ಕೈಬೆರಳೆಣಿಕೆಯಷ್ಟು.

ಎರಡನೇ ಸಲ ಬಿಟ್ಟ ಹಾಗೆ ಎನ್ನುವ ಮಾತು ಚುಚ್ಚಿತು, ಸುಳ್ಳು ಹೇಳಲ್ಲ. ಆದರೆ ಹೈವೇ ಪಕ್ಕ ಬಿಡುವುದಕ್ಕೂ, ಹತ್ತು ಜನಕ್ಕೆ ಇಲ್ಲ ಅಂದು ಹನ್ನೊಂದನೆಯವರ ಕೈಗೆ ಹಾಸಿಗೆ ಸಮೇತ ಕೊಡುವುದಕ್ಕೂ ವ್ಯತ್ಯಾಸ ಇದೆ. ನಾಯಿಗೆ ಆ ವ್ಯತ್ಯಾಸ ಮೊದಲ ವಾರ ಗೊತ್ತಾಗಲ್ಲ, ನಿಜ.

ತುಂಗಾತೀರ, ಶಿವಮೊಗ್ಗ

ಮಂಗಳೂರಿನವರ ಮಾತಿಗೆ ಸೇರಿಸುತ್ತೇನೆ. ನಾಯಿಗೆ ಅಗಲುವಿಕೆ ಕಷ್ಟ, ಹೌದು. ಅದಕ್ಕೇ ಕಳಿಸುವ ತಯಾರಿ ಮೊದಲ ದಿನದಿಂದಲೇ ಆಗಬೇಕು. ಅವಳನ್ನು ನಿಮ್ಮೊಬ್ಬರಿಗೇ ಅಂಟಿಕೊಳ್ಳಲು ಬಿಡಬೇಡಿ. ಊಟ ಒಮ್ಮೊಮ್ಮೆ ಬೇರೆಯವರು ಹಾಕಲಿ. ಸ್ವಲ್ಪ ಹೊತ್ತು ಒಂಟಿಯಾಗಿ ಬಿಟ್ಟು ಹೋಗಿ, ಗಲಾಟೆ ಮಾಡದೆ ವಾಪಸ್ ಬನ್ನಿ. ಕುಕ್ಕರ್ ವಿಸಲ್, ಮಿಕ್ಸಿ, ಆಟೋ, ಲಿಫ್ಟ್, ಗಡ್ಡದ ಗಂಡಸರು, ಇದೆಲ್ಲ ನಿಮ್ಮ ಮನೆಯಲ್ಲೇ ಅಭ್ಯಾಸವಾದರೆ ಮುಂದಿನ ಮನೆಗೆ ಅರ್ಧ ಕೆಲಸ ಕಡಿಮೆ.

ಹೊಸ ಮನೆಯವರಿಗೆ ಮೂರು ದಿನ, ಮೂರು ವಾರ, ಮೂರು ತಿಂಗಳ ಲೆಕ್ಕ ಹೇಳಿ. ಮೂರು ದಿನ ಮೂಲೆ ಬಿಟ್ಟು ಬರದೇ ಇರಬಹುದು. ಮೂರು ವಾರಕ್ಕೆ ಮನೆಯ ಪದ್ಧತಿ ಅರ್ಥವಾಗುತ್ತದೆ, ಆಗಲೇ ಕೆಟ್ಟ ಬುದ್ಧಿಯೂ ಹೊರಗೆ ಬರುವುದು. ತಮ್ಮ ಮನೆ ಎಂದು ಅನಿಸಲು ಮೂರು ತಿಂಗಳು. ಇದು ಅಂದಾಜು ಅಷ್ಟೇ. ಆದರೆ ಜಾಸ್ತಿ ಜನ ನಾಯಿ ವಾಪಸ್ ತರುವುದು ಮೊದಲ ವಾರದಲ್ಲಿ, "ನಮ್ಮನ್ನ ನೋಡೋದೇ ಇಲ್ಲ" ಎಂದು.

ಎಡಿಸನ್ ಕನ್ನಡಿಗ, ನ್ಯೂಜೆರ್ಸಿ

ಕೆಂಚಿಯ ಫೋಟೋ ನೋಡಿ ಹೆಂಡತಿ ಹಟ ಹಿಡಿದಿದ್ದಾಳೆ. ಇಲ್ಲಿಗೆ ಕರೆಸಿಕೊಳ್ಳಬಹುದಾ? ಊರ ನಾಯಿ ಸಾಕಬೇಕು ಎಂದು ಬಹಳ ವರ್ಷದ ಆಸೆ. ನಾನು ವಿಚಾರಿಸಿದ ಪ್ರಕಾರ 2024ರ ಆಗಸ್ಟ್‌ನಿಂದ ನಿಯಮ ಬಿಗಿಯಾಗಿದೆ. ಭಾರತ ರೇಬಿಸ್ ಜಾಸ್ತಿ ಇರುವ ದೇಶಗಳ ಪಟ್ಟಿಯಲ್ಲಿದೆ. ಮೈಕ್ರೋಚಿಪ್ (ಚರ್ಮದಡಿ ಹಾಕುವ ಗುರುತಿನ ಚಿಪ್), ಲಸಿಕೆಯ ಪ್ರಮಾಣಪತ್ರ, ಒಪ್ಪಿಗೆ ಪಡೆದ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ, ಕೆಲವೇ ಏರ್‌ಪೋರ್ಟ್‌ಗಳಲ್ಲಿ ಮಾತ್ರ ಪ್ರವೇಶ. ಖರ್ಚಿಗೆ ನಾನು ಸಿದ್ಧ.

ಕಾಫಿಪುಡಿ, ರಾಜಾಜಿನಗರ

ನಿಮ್ಮ ಮನಸ್ಸು ದೊಡ್ಡದು. ಆದರೂ ಇಲ್ಲ. ಸೊಂಟಕ್ಕೆ ಕೈ ಹಾಕಿದರೆ ಮಂಚದ ಕೆಳಗೆ ಹೋಗುವ ನಾಯಿಯನ್ನು ಅಷ್ಟು ಹೊತ್ತು ವಿಮಾನದ ಹೊಟ್ಟೆಯಲ್ಲಿ ಕೂರಿಸಲು ನನಗೆ ಧೈರ್ಯ ಇಲ್ಲ. ನ್ಯೂಜೆರ್ಸಿಯ ಜನವರಿ ಬೇರೆ. ಆಪರೇಷನ್ ಖರ್ಚಿಗೆ ಸಹಾಯ ಮಾಡಬೇಕು ಎನಿಸಿದರೆ ರೆಸ್ಕ್ಯೂ ಹುಡುಗರ ಹತ್ತಿರ ಮಾತಾಡಿ, ಅವರಿಗೆ ಆಸ್ಪತ್ರೆ ಬಿಲ್ಲು ಬಾಕಿ ಇದೆ. ಅಲ್ಲಿಯ ಶೆಲ್ಟರ್‌ನಲ್ಲಿ ರೇಸ್ ಬಿಟ್ಟ ಗ್ರೇಹೌಂಡ್ ಏನಾದರೂ ಸಿಗುತ್ತಾ ನೋಡಿ, ಇವಳ ದೂರದ ನೆಂಟರು.

ಕುಡ್ಲದ ಮಳೆ, ಮಂಗಳೂರು

ಹನ್ನೊಂದನೆಯವರು ಸಿಕ್ಕಿದರಾ?

ಕಾಫಿಪುಡಿ, ರಾಜಾಜಿನಗರ

ಸಿಕ್ಕಿದ ಹಾಗಿದೆ. ಆಪರೇಷನ್ ಮುಗಿದು ಹೊಲಿಗೆ ಒಣಗಿದೆ. ಡಾಕ್ಟರ್ ಹೇಳಿದ ಹಾಗೇ ಆಯಿತು, "ಆಪರೇಷನ್ ಆಗಿದೆ" ಎಂದು ಪೋಸ್ಟ್‌ನಲ್ಲಿ ಸೇರಿಸಿದ ಮೇಲೆ ಫೋನ್ ಮುಕ್ಕಾಲು ಪಾಲು ನಿಂತಿತು.

ಮೈಸೂರಿನವರು. ಗಂಡ ಹೆಂಡತಿ ಇಬ್ಬರೂ ಮೇಷ್ಟ್ರಾಗಿದ್ದವರು, ಈಗ ರಿಟೈರ್ಡ್. ಕಾಂಪೌಂಡ್ ಇರುವ ಸ್ವಂತ ಮನೆ, ಗೋಡೆ ಎತ್ತರ ಇದೆ. ಒಂದು ವಯಸ್ಸಾದ ನಾಟಿ ಗಂಡು ನಾಯಿ ಇದೆ. ಬೆಕ್ಕಿಲ್ಲ, ಕೋಳಿ ಇಲ್ಲ. ಹಿಂದಿನ ನಾಯಿ ಏನಾಯಿತು ಎಂದು ಕೇಳಿದೆ. ಆ ಅಮ್ಮ ಫೋನಿನಲ್ಲೇ ಅದರ ಕೊನೆಯ ವರ್ಷದ ಕಿಡ್ನಿ ರಿಪೋರ್ಟ್ ಎಲ್ಲ ಬಾಯಿಪಾಠ ಹೇಳಿದರು. ನಾನು ಎಂಟು ಪ್ರಶ್ನೆ ಕೇಳಿದರೆ ಅವರು ಹದಿನೈದು ಕೇಳಿದರು. ಅವಳು ಎಷ್ಟು ಹೊತ್ತಿಗೆ ಎದ್ದೇಳುತ್ತಾಳೆ, ಪಟಾಕಿಗೆ ಏನು ಮಾಡುತ್ತಾಳೆ, ಯಾವ ಕಡೆ ಮಗ್ಗುಲಾಗಿ ಮಲಗುತ್ತಾಳೆ ಅಂತೆಲ್ಲ.

ಅವರೇ ತಮ್ಮ ನಾಯಿಯನ್ನು ಕಾರಿನಲ್ಲಿ ಕರೆದುಕೊಂಡು ಬಂದರು. ಮನೆಯೊಳಗೆ ಭೇಟಿ ಮಾಡಿಸಲಿಲ್ಲ, ಎರಡಕ್ಕೂ ಸೇರದ ಜಾಗ ಬೇಕು ಎಂದು ಪಾರ್ಕಿನ ಪಕ್ಕದ ರಸ್ತೆಯಲ್ಲಿ ದೂರ ದೂರ ಒಂದೇ ದಿಕ್ಕಿಗೆ ನಡೆಸಿದೆವು. ಆಮೇಲೆ ಹತ್ತಿರ ಬಿಟ್ಟೆವು. ಮುದುಕ ಮೂಸಿ ನೋಡಿದ, ಇವಳು ಮುಖ ತಿರುಗಿಸಿದಳು, ಜಗಳ ಇಲ್ಲ. ಮೇಷ್ಟ್ರು ಜೇಬಿನಿಂದ ಕರ್ಚೀಫ್ ತೆಗೆಯಲು ಕೈ ಹಾಕಿದಾಗ ಕೆಂಚಿ ನನ್ನ ಹಿಂದೆ ಬಂದು ನಿಂತಳು. ಅವರು ಏನೂ ಮಾತಾಡದೆ ಕೈ ಹೊರಗೆ ತೆಗೆದು ನೆಲದ ಮೇಲೆ ಕೂತುಬಿಟ್ಟರು. ನನಗೆ ಅಷ್ಟು ಸಾಕಾಯಿತು.

ಬರೆದುಕೊಂಡಿರುವುದು ಇಷ್ಟು: ಎರಡು ವಾರ ನೋಡುವುದು. ಹೊಂದದಿದ್ದರೆ ನನಗೇ ವಾಪಸ್, ಬೇರೆ ಯಾರಿಗೂ ದಾಟಿಸುವಂತಿಲ್ಲ, ಯಾವತ್ತಿಗೂ. ಸರಪಳಿ ಇಲ್ಲ. ಬೇಲಿ ಇಲ್ಲದ ಜಾಗದಲ್ಲಿ ಹಗ್ಗ ಬಿಚ್ಚುವಂತಿಲ್ಲ. ಘಟಪ್ರಭಾ ಅವರ ಷರತ್ತೂ ಸೇರಿಸಿದ್ದೇನೆ. ಮೇಷ್ಟ್ರ ನೆಂಟರ ಮನೆಯಲ್ಲಿ ಬೇಲಿ ಹಾಕಿದ ಸೈಟ್ ಇದೆಯಂತೆ.

ಘಟಪ್ರಭಾ ದಂಡೆ, ಬಾಗಲಕೋಟೆ ಜಿಲ್ಲೆ

ಓಡುವಾಗ ಒಂದು ವಿಡಿಯೋ ಕಳಿಸಲು ಹೇಳಿ. ಸೋಮಾರಿ ಎಂದಿರಲ್ಲ, ನೋಡೋಣ. ಉಂಡ ಕೂಡಲೇ ಮಾತ್ರ ಓಡಿಸುವುದು ಬೇಡ, ಹೊಟ್ಟೆ ಉಬ್ಬರಿಸುತ್ತದೆ.

ಗೋಪಾಲಸ್ವಾಮಿ ಡಾಕ್ಟ್ರು ಅಲ್ಲ, ಹಾಸನ

ಲಸಿಕೆ ಪುಸ್ತಕ, ಆಪರೇಷನ್ ಚೀಟಿ, ಉಣ್ಣಿ ಜ್ವರದ ರಕ್ತದ ರಿಪೋರ್ಟ್ ಮೂರನ್ನೂ ಕಳಿಸಿ. ಚಿಪ್ ಹಾಕಿಸಿದ್ದರೆ ಅದರಲ್ಲಿ ಮಾಲೀಕರ ಹೆಸರು, ಫೋನ್ ಬದಲಾಗಬೇಕು. ಅವಳು ಮಲಗಿದ ಚಾದರವನ್ನು ಒಗೆಯದೆ ಜೊತೆಗೆ ಕೊಡಿ. ಊಟವನ್ನು ಮೊದಲ ವಾರ ನೀವು ಹಾಕಿದ್ದನ್ನೇ ಹಾಕಲಿ, ಇಲ್ಲದಿದ್ದರೆ ಭೇದಿ ಗ್ಯಾರಂಟಿ.

ಕಾಫಿಪುಡಿ, ರಾಜಾಜಿನಗರ

ಎಲ್ಲ ಚೀಲದಲ್ಲಿ ಹಾಕಿಟ್ಟೆ. ಭಾನುವಾರ ಹೊರಡುವುದು. ಮಾರ್ಟಿಂಗೇಲ್ ಕಾಲರ್ ಒಂದೇ ಇದೆ, ಅವರಿಗೆ ಇನ್ನೊಂದು ಬೇಕಂತೆ. ಮೈಸೂರಿನ ಅಂಗಡಿಯಲ್ಲಿ ಸಿಗುತ್ತಾ, ಇಲ್ಲ ಆನ್‌ಲೈನ್ ತರಿಸಬೇಕಾ?

ಬಿಎಂಟಿಸಿ ಪಾಸ್, ಬೆಂಗಳೂರು

ನಮ್ಮ ಆಫೀಸಿನ ಹತ್ತಿರ ಒಂದು ದೊಡ್ಡ ಪೆಟ್ ಅಂಗಡಿ ಇದೆ. ಕತ್ತಿನ ಅಳತೆ ಹೇಳಿ, ಶನಿವಾರ ನೋಡಿಕೊಂಡು ಬರುತ್ತೇನೆ.

ಕಾಫಿಪುಡಿ, ರಾಜಾಜಿನಗರ

ಈಗಲೇ ಟೇಪ್ ಹಿಡಿದು ಅಳೆದು ಮೆಸೇಜ್ ಮಾಡುತ್ತೇನೆ. ಬಣ್ಣ ಯಾವುದಾದರೂ ಸರಿ, ಬೆಲ್ಟಿನ ಥರ ಕಂದು ಮಾತ್ರ ಬೇಡ.